ಕಲಬುರಗಿಯಿಂದ ಭಿತರಕನಿಕಾ: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಬಂತೆಂದರೆ ಹತ್ತು-ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಒಡಿಶಾದ ಭಿತರಕನಿಕಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರುವುದು ನನ್ನ ಚಟ. ಹೋಗಿಬಂದ ಮೇಲೆ ಮದುವೆ ಮನೆಯಲ್ಲಿ, ಕಿರಾಣಿ ಅಂಗಡಿ ಮುಂದೆ, ಯಾದಗಿರಿ-ಬೀದರಿನಿಂದ ಬರುವ ಪತ್ರಗಳಲ್ಲಿ ಅವೇ ಪ್ರಶ್ನೆ ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ.

## ಹೋಗುವ ಮೊದಲು

"ಅದು ಬಂಡೀಪುರ ಇದ್ದಂಗ ಇರ್ತದೇನ್ರಿ? ಜೀಪಿನ್ಯಾಗ ಕೂತು ನೋಡದೇನು?"

ಜೀಪಿಗೆ ಅಲ್ಲಿ ಕೆಲಸವಿಲ್ಲ. ಬ್ರಾಹ್ಮಣಿ ಮತ್ತು ಬೈತರಣಿ ನದಿಗಳು ಬಂಗಾಳ ಕೊಲ್ಲಿ ಸೇರುವ ಮೊದಲು ನೂರು ಕವಲಾಗಿ ಒಡೆಯುವ ಜಾಗ ಅದು, ಕೇಂದ್ರಪಾಡಾ ಜಿಲ್ಲೆಯಲ್ಲಿದೆ. ಕವಲುಗಳೇ ರಸ್ತೆ, ದೋಣಿಯೇ ಬಂಡಿ. ಎರಡೂ ದಂಡೆಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು. "ಸಮುದ್ರ ಎಲ್ಲದ?" ಎಂದು ಮೊದಲ ದಿನವೇ ಕೇಳುವವರಿದ್ದಾರೆ. ಸಮುದ್ರ ಅಲ್ಲೇ ಹತ್ತಿರದಲ್ಲಿದೆ, ಆದರೆ ದೋಣಿಯಲ್ಲಿ ಕೂತವರಿಗೆ ಕಾಣುವುದಿಲ್ಲ. ದಿನಕ್ಕೆ ಎರಡು ಸಲ ಅದೇ ಒಳಗೆ ಬಂದು ಹೋಗುತ್ತದೆ. ಮರಳಿನ ಬೀಚು, ಅಲೆ, ಐಸ್‌ಕ್ರೀಮು ಬೇಕೆನ್ನುವವರು ಪುರಿಯಲ್ಲೇ ಉಳಿಯುವುದು ಚಲೋ.

"ನಮ್ಮ ಕರ್ನಾಟಕಕ್ಕ ಇಷ್ಟುದ್ದ ಕರಾವಳಿ ಅದ. ಒಡಿಶಾಕ್ಕೇ ಯಾಕ ಹೋಗಬೇಕ್ರಿ?"

ಕರಾವಳಿ ಇದೆ, ಆದರೆ ಕಡಲ ದಂಡೆಯ ರಾಷ್ಟ್ರೀಯ ಉದ್ಯಾನ ಇಲ್ಲ. ನಮ್ಮ ರಾಜ್ಯದ ಐದೂ, ಅಂದರೆ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ, ಒಳನಾಡಿನಲ್ಲೋ ಘಟ್ಟದಲ್ಲೋ ಇವೆ. ಬರೀ ಕಾಂಡ್ಲಾ ಗಿಡ ನೋಡಬೇಕೆಂದರೆ ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಮರದ ಕಾಲುಹಾದಿ ಸಾಕು, ಖರ್ಚೂ ಕಡಿಮೆ. ಉಪ್ಪುನೀರಿನ ಮೊಸಳೆ ಬೇಕೆಂದರೆ ಮಾತ್ರ ಪೂರ್ವಕ್ಕೇ ಹೋಗಬೇಕು.

"ಕಲಬುರಗಿಯಿಂದ ಹ್ಯಾಂಗ ಹೋಗದು? ಭಾಳ ತ್ರಾಸ ಆಗ್ತದೇನು?"

ಈ ವಿಷಯದಲ್ಲಿ ನಾವು ಬೆಂಗಳೂರಿನವರಿಗಿಂತ ಪುಣ್ಯವಂತರು. ಮುಂಬೈಯಿಂದ ಭುವನೇಶ್ವರಕ್ಕೆ ಹೋಗುವ ಕೋಣಾರ್ಕ್ ಎಕ್ಸ್‌ಪ್ರೆಸ್ ನಮ್ಮ ನಿಲ್ದಾಣದ ಮೇಲೇ ಹಾದುಹೋಗುತ್ತದೆ. ಕಲಬುರಗಿಯಲ್ಲಿ ಹತ್ತಿದರೆ ಸಿಕಂದರಾಬಾದು, ವಿಜಯವಾಡ, ವಿಶಾಖಪಟ್ಟಣ ದಾಟಿ ಒಂದೇ ಗಾಡಿಯಲ್ಲಿ ಭುವನೇಶ್ವರ. ಒಂದು ದಿನಕ್ಕಿಂತ ಹೆಚ್ಚಿನ ಪಯಣ, ಇಸ್ಪೀಟು ಒಯ್ಯಿರಿ. ಯಾದಗಿರಿಯವರು ವಾಡಿಗೆ ಬಂದು ಹತ್ತಬೇಕು. ಬೀದರಿನವರಿಗೆ ಕಲಬುರಗಿಯೂ ಆಗುತ್ತದೆ, ಸಿಕಂದರಾಬಾದೂ ಆಗುತ್ತದೆ.

ಭುವನೇಶ್ವರದಿಂದ ಕಟಕ್, ಕೇಂದ್ರಪಾಡಾ, ಪಟ್ಟಾಮುಂಡಾಯ್, ರಾಜನಗರ ದಾಟಿ ಗುಪ್ತಿ ಇಲ್ಲವೇ ಖೋಲಾ ದ್ವಾರ ಮುಟ್ಟಲು ಕಾರಿನಲ್ಲಿ ಅರ್ಧ ದಿನ ಬೇಕು. ಭದ್ರಕ್ ಕಡೆಯಿಂದ ಬರುವವರಿಗೆ ಚಾಂದ್‌ಬಾಲಿ ಹತ್ತಿರ. ಡಾಂಗಮಾಳ್, ಗುಪ್ತಿ, ಹಬಾಲಿಖಾಟಿಯಲ್ಲಿ ಅರಣ್ಯ ಇಲಾಖೆಯ ತಂಗುದಾಣಗಳಿವೆ, ಇಕೋಟೂರ್ ಒಡಿಶಾ ಜಾಲತಾಣದಲ್ಲಿ ಕಾಯ್ದಿರಿಸಬಹುದು. ಡಿಸೆಂಬರ್ ಕೊನೆಯ ವಾರಕ್ಕೆ ಬೇಕೆಂದರೆ ದಸರೆ ಹೊತ್ತಿಗೇ ನೋಡಿಕೊಳ್ಳಿ. ದರ ಬದಲಾಗುತ್ತಿರುತ್ತದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

"ಯಾವ ತಿಂಗಳು ಹೋದ್ರ ಚಲೋ?"

ಡಿಸೆಂಬರ್‌ನಿಂದ ಫೆಬ್ರವರಿ. ಚಳಿಗೆ ಮೊಸಳೆಗಳು ಮೈ ಕಾಯಿಸಲು ದಂಡೆಗೆ ಬಂದು ಮಲಗುತ್ತವೆ. ಮೇ 1ರಿಂದ ಜುಲೈ 31ರ ತನಕ ಉದ್ಯಾನಕ್ಕೆ ಬೀಗ, ಅದು ಮೊಸಳೆಗಳ ಬಾಣಂತನದ ಕಾಲ. ನಮ್ಮ ಶಾಲೆಗಳ ಬೇಸಿಗೆ ರಜೆ ನಡುವೆಯೇ ಬಾಗಿಲು ಮುಚ್ಚುವುದರಿಂದ ಮಕ್ಕಳಿರುವವರು ಇದನ್ನು ಮೊದಲು ನೋಡಬೇಕು. ಹಕ್ಕಿಗಳ ಹುಚ್ಚಿರುವವರು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಹೋಗಲಿ. ಬಾಗಗಹನ ಎಂಬಲ್ಲಿ ಬಾಯಿಕಳಕ ಕೊಕ್ಕರೆಗಳು ಸಾವಿರಗಟ್ಟಲೆ ಗೂಡು ಕಟ್ಟಿರುತ್ತವೆ. ಮಳೆ, ಜಿಗಣೆ, ವಾಸನೆ ಮೂರೂ ಉಚಿತ.

"ನಮ್ಮ 43 ಡಿಗ್ರಿ ಬಿಸಲ ತಿಂದವ್ರು ನಾವು" ಎಂದು ಎದೆ ತಟ್ಟಿ ಏಪ್ರಿಲ್‌ನಲ್ಲಿ ಹೋದ ಗೆಳೆಯನೊಬ್ಬನಿದ್ದ. ನಮ್ಮದು ಒಣ ಬಿಸಿಲು, ಬೆವರು ಆರುತ್ತದೆ. ಅಲ್ಲಿ 35 ಡಿಗ್ರಿಯಲ್ಲೇ ಅಂಗಿ ಹಿಂಡಬಹುದು.

"ಊಟದ್ದು ಏನ್ ಕಥಿ? ರೊಟ್ಟಿ ಸಿಗ್ತಾವೇನ್ರಿ?"

ಸಿಗುವುದಿಲ್ಲ. ಅನ್ನ, ಮೀನು, ತರಕಾರಿ, ಮತ್ತೆ ದಾಲ್ಮಾ. ದಾಲ್ಮಾ ಎಂದರೆ ಬೇಳೆಯ ಜೊತೆ ಕುಂಬಳ, ಬದನೆ, ಹಸಿ ಪಪ್ಪಾಯಿ ಹಾಕಿ ಬೇಯಿಸಿ ತುಪ್ಪದ ಒಗ್ಗರಣೆ ಕೊಟ್ಟದ್ದು. ತೊಗರಿ ನಾಡಿನವರಿಗೆ ಬಾಯಿಗೆ ಹಿಡಿಯುತ್ತದೆ, ಖಾರ ಮಾತ್ರ ಸಾಲದು. ಶೇಂಗಾ ಹಿಂಡಿ ಒಯ್ಯಿರಿ. ಕಡಕ್ ರೊಟ್ಟಿಯನ್ನು ಮಾತ್ರ ನಂಬಬೇಡಿ. ಮೊದಲ ವರ್ಷ ನಲವತ್ತು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದೆವು. ರಾತ್ರಿ ಡಾಂಗಮಾಳ್‌ನಲ್ಲಿ ಬಿಚ್ಚಿಟ್ಟದ್ದು ಬೆಳಗಾಗುವುದರೊಳಗೆ ಗಾಳಿಯ ತೇವ ಕುಡಿದು ಒದ್ದೆ ಟವೆಲಿನಂತೆ ಜೋತುಬಿದ್ದಿತ್ತು. ಎರಡು ತಿಂಗಳು ಕೆಡದ ರೊಟ್ಟಿ ಒಂದೇ ರಾತ್ರಿಗೆ ಸೋತಿತು. ಈಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ.

"ಭಾಷಾ ಬರಲ್ಲ, ನಡೀತದೇನು?"

ನಮ್ಮ ಕಲಬುರಗಿ ಹಿಂದಿ ಧಾರಾಳ ನಡೆಯುತ್ತದೆ. ಅವರು ನಗುತ್ತಾರೆ, ಆದರೆ ತಿಳಿದುಕೊಳ್ಳುತ್ತಾರೆ.

## ದೋಣಿ ಹತ್ತಿದ ಮೇಲೆ

"ಮೊಸಳಿ ನಮ್ಮ ಕೃಷ್ಣಾದಾಗೂ ಅವ. ಅದಕ್ಕಂತ ಅಷ್ಟು ದೂರ ಹೋಗಬೇಕೇನ್ರಿ?"

ಇದನ್ನು ಕೇಳುವವರು ಹೆಚ್ಚಾಗಿ ಶಹಾಪುರ, ಸುರಪುರದ ಕಡೆಯವರು. ಕೃಷ್ಣೆಯ ದಂಡೆಯಲ್ಲಿ ಬೆಳೆದವರಿಗೆ ಮೊಸಳೆ ಹೊಸದಲ್ಲ, ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೃಷ್ಣಾ, ಭೀಮಾದಲ್ಲಿರುವುದು ಮಗ್ಗರ್, ಸಿಹಿನೀರಿನ ಮೊಸಳೆ. ಭಿತರಕನಿಕಾದ್ದು ಉಪ್ಪುನೀರಿನದು, ಒಡಿಯಾದಲ್ಲಿ ಬೌಲಾ ಕುಂಭೀರ. ಮಗ್ಗರ್‌ಗೆ ನಾಲ್ಕು ಮೀಟರ್ ಎಂದರೆ ದೊಡ್ಡದು. ಬೌಲಾ ಗಂಡು ಐದು ದಾಟುತ್ತದೆ, ಅಪರೂಪಕ್ಕೆ ಆರನ್ನೂ ಮೀರುತ್ತದೆ. ಭೂಮಿಯ ಮೇಲೆ ಇಂದು ಬದುಕಿರುವ ಸರೀಸೃಪಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಹತ್ತಿರದಿಂದ ನೋಡಿದರೆ ಕುತ್ತಿಗೆಯಲ್ಲೇ ಗುರುತು ಸಿಗುತ್ತದೆ. ಮಗ್ಗರ್‌ಗೆ ತಲೆಯ ಹಿಂದೆಯೇ ನಾಲ್ಕು ಗುರಾಣಿ ಎದ್ದು ನಿಂತಿರುತ್ತವೆ. ಬೌಲಾಗೆ ಆ ಜಾಗ ಬಹುತೇಕ ನುಣುಪು, ಮೂತಿಯೂ ಉದ್ದ. ಮೊಟ್ಟೆಯ ವಿಷಯದಲ್ಲೂ ಬೇರೆ ಬೇರೆ ಜಾಣ್ಮೆ. ಮಗ್ಗರ್ ಬೇಸಿಗೆಯಲ್ಲಿ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಉಬ್ಬರದ ನಾಡಿನಲ್ಲಿ ಗುಂಡಿ ತೋಡಿದರೆ ನೀರು ತುಂಬೀತು, ಅದಕ್ಕೆ ಬೌಲಾ ಹೆಣ್ಣು ಹೇಂತಾಳ ಎಂಬ ಈಚಲ ಜಾತಿಯ ಗಿಡದ ಎಲೆ, ಜರಿಗಿಡ, ಕೆಸರು ಎಳೆತಂದು ನಮ್ಮ ತಿಪ್ಪೆಯ ಹಾಗೆ ಗುಡ್ಡೆ ಮಾಡುತ್ತದೆ. ಅದರೊಳಗೆ ಐವತ್ತರ ಆಸುಪಾಸು ಮೊಟ್ಟೆ. ಎಲೆ ಕೊಳೆಯುವ ಶಾಖವೂ ಕಾವಿಗೆ ಕೂಡಿಕೊಳ್ಳುತ್ತದೆ, ಹುಟ್ಟುವ ಮರಿ ಗಂಡೋ ಹೆಣ್ಣೋ ಎಂಬುದನ್ನು ಆ ಕಾವೇ ತೀರ್ಮಾನಿಸುತ್ತದೆ. ಹೆಚ್ಚುಕಡಿಮೆ ಮೂರು ತಿಂಗಳು ತಾಯಿ ಪಕ್ಕ ಬಿಟ್ಟು ಕದಲುವುದಿಲ್ಲ.

ಇವು ಮುಗಿದೇಹೋಗುವ ಹಂತಕ್ಕೆ ಬಂದಿದ್ದವು. 1970ರ ದಶಕದಲ್ಲಿ ಎಣಿಸಿದಾಗ ಸಿಕ್ಕದ್ದು ನೂರರ ಒಳಗೆ. 1975ರಲ್ಲಿ ಡಾಂಗಮಾಳ್‌ನಲ್ಲಿ ಮೊಟ್ಟೆ ತಂದು ಮರಿ ಮಾಡಿ ಬೆಳೆಸಿ ಬಿಡುವ ಕೆಲಸ ಶುರುವಾಯಿತು. 2024ರ ಜನವರಿ ಎಣಿಕೆಯಲ್ಲಿ 1,811. ಆ ಮೊದಲ ವರ್ಷದ ಮೊಟ್ಟೆಯಿಂದ ಬಂದ ಗೋರಿ ಎಂಬ ಬಿಳಿ ಹೆಣ್ಣು ಮೊಸಳೆಯನ್ನು ಡಾಂಗಮಾಳ್‌ನ ಆವರಣದಲ್ಲೇ ಸಾಕಿದರು.

"ಎಲ್ಲಾರೂ 'ಅಲ್ನೋಡು ಅಲ್ನೋಡು' ಅಂತಾರ, ನನಗೊಂದೂ ಕಾಣಲಿಲ್ಲ. ಹ್ಯಾಂಗ ನೋಡಬೇಕ್ರಿ?"

ಮೊಸಳೆಯನ್ನು ಹುಡುಕಬೇಡಿ, ಕೆಸರನ್ನು ಓದಿ. ಇಳಿತದ ಹೊತ್ತಿಗೆ ದಂಡೆಯ ಕೆಸರು ಮೇಣದ ಹಾಗೆ ಹೊಳೆಯುತ್ತಿರುತ್ತದೆ. ಆ ಹೊಳಪಿನ ಮೇಲೆ ನೀರಿನಿಂದ ಮೇಲಕ್ಕೆ ಅಗಲವಾದ ಗೀರು ಕಂಡರೆ, ಇಕ್ಕೆಲದಲ್ಲಿ ಪಾದದ ಗುಳಿಗಳಿದ್ದರೆ, ಆ ಗೀರಿನ ತುದಿಗೆ ಕಣ್ಣು ಒಯ್ಯಿರಿ. ಅಲ್ಲಿ ಮಲಗಿರುತ್ತದೆ, ಇಲ್ಲವೇ ಈಗಷ್ಟೇ ಜಾರಿ ನೀರಿಗಿಳಿದಿರುತ್ತದೆ. ಈಗ ತಾನೇ ಮೇಲೆ ಬಂದದ್ದು ಕೆಸರಿನದೇ ಬಣ್ಣ. ತಾಸು ಕಳೆದು ಒಣಗಿದ್ದು ಬೂದುಬಣ್ಣಕ್ಕೆ ತಿರುಗಿ ದೂರದಿಂದಲೇ ಎದ್ದು ಕಾಣುತ್ತದೆ. ಬಾಯಿ ತೆರೆದು ಮಲಗಿದ್ದರೆ ಅದು ಸಿಟ್ಟಲ್ಲ, ಮೈಯ ಕಾವು ಹೊಂದಿಸಿಕೊಳ್ಳುವ ರೀತಿ.

ನನ್ನ ಮೊದಲ ಬೌಲಾ ಹೀಗೆ ಕಂಡಿತು: ನಾವಿಕ ಎಂಜಿನ್ ನಿಲ್ಲಿಸಿದ. ದಂಡೆಯಲ್ಲೊಂದು ಮರದ ದಿಮ್ಮಿ. ಯಾಕೆ ನಿಲ್ಲಿಸಿದ ಎಂದು ನಾನು ಹಿಂದೆ ತಿರುಗಿ ಅವನನ್ನೇ ನೋಡುತ್ತಿದ್ದೆ. ದಿಮ್ಮಿಗೆ ಕಣ್ಣು ತೆರೆಯಿತು. ಹಳದಿ-ಹಸಿರು ಕಣ್ಣು, ನಡುವೆ ಬ್ಲೇಡಿನಂಥ ಕಪ್ಪು ಸೀಳು. ಆಮೇಲೆ ಏನೂ ಆಗಲಿಲ್ಲ. ಹತ್ತು ನಿಮಿಷ ಅದು ನಮ್ಮನ್ನು, ನಾವು ಅದನ್ನು ನೋಡಿಕೊಂಡು ಕೂತೆವು.

"ಹುಲಿ ಅವೇನ್ರಿ?"

ಇಲ್ಲ. ಕಡಲಂಚಿನ ಹುಲಿ ಬೇಕಾದರೆ ಸುಂದರಬನ.

"ಮೊಸಳಿ ಬೋಟಿಗಿ ಬರ್ತದೇನು? ಹುಡುಗ್ರನ್ನ ಕರ್ಕೊಂಡು ಹೋಗಬಹುದಾ?"

ದೊಡ್ಡ ದೋಣಿಯ ತಂಟೆಗೆ ಅವು ಬರುವುದಿಲ್ಲ, ಸದ್ದಿಗೆ ಸರಿದುಹೋಗುತ್ತವೆ. ಅಪಾಯ ಇರುವುದು ನೀರಂಚಿನಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಸ್ನಾನಕ್ಕೆ, ಪಾತ್ರೆ ತೊಳೆಯಲು ನದಿಗಿಳಿದವರು ಪ್ರಾಣ ಕಳೆದುಕೊಂಡಿದ್ದಾರೆ, ಅದಕ್ಕೇ ಎಷ್ಟೋ ಘಾಟುಗಳಿಗೆ ಬೇಲಿ ಹಾಕಿದ್ದಾರೆ. ಹಾಗಾಗಿ ಕೈ ಇಳಿಬಿಡಬೇಡಿ, ಚಪ್ಪಲಿ ತೊಳೆಯಲು ಬಾಗಬೇಡಿ, ಜೆಟ್ಟಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಮಕ್ಕಳು ಹೇಳಿದ ಮಾತು ಕೇಳುತ್ತಾರೆ. ನನಗೆ ಭಯ ದೊಡ್ಡವರದೇ.

"ಮೊಸಳಿ ಬಿಟ್ರ ಬರೇ ರಾಡಿ ಅದ ಅಂತ ನಮ್ಮ ಮಾವ ಅಂದ್ರು. ಖರೇನ?"

ನಿಮ್ಮ ಮಾವನವರು ಸುಳ್ಳು ಹೇಳಿಲ್ಲ, ರಾಡಿಯನ್ನು ನೋಡದೆ ಬಂದಿದ್ದಾರೆ ಅಷ್ಟೇ. ನಾನು ಅಲ್ಲಿಗೆ ಮತ್ತೆ ಮತ್ತೆ ಹೋಗುವುದೇ ಆ ರಾಡಿಗಾಗಿ. ನಾವು ಎರೆ ಭೂಮಿಯವರು. ಮಳೆಗಾಲದಲ್ಲಿ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿಗೆ ಎರಡು ಸೇರು ಮಣ್ಣು ಮೆತ್ತಿಕೊಳ್ಳುವುದು ನಮಗೆ ಗೊತ್ತು. ಅಲ್ಲಿಯ ಕೆಸರು ಮೆತ್ತಿಕೊಳ್ಳುವುದಿಲ್ಲ, ನುಂಗುತ್ತದೆ. ಒಮ್ಮೆ ಜೆಟ್ಟಿ ಪಕ್ಕ ನನ್ನ ಬಲಗಾಲು ಮೊಣಕಾಲ ತನಕ ಹೋಯಿತು. ಎಳೆದರೆ ಕಾಲು ಬಂತು, ಬೂಟು ಇವತ್ತಿಗೂ ಅಲ್ಲೇ ಇದೆ.

ದೋಣಿ ಕಟ್ಟಿದಾಗ ಒಂದು ಮಾರು ಕೆಸರನ್ನು ಆರಿಸಿಕೊಂಡು ಕಾಲು ತಾಸು ಸುಮ್ಮನೆ ನೋಡಿ. ಮೊದಲು ಏನೂ ಇಲ್ಲ. ಆಮೇಲೆ ತೂತುಗಳಿಂದ ಒಂದೊಂದಾಗಿ ಏಡಿಗಳು ಹೊರಬರುತ್ತವೆ. ಗಂಡಿಗೆ ಒಂದೇ ಒಂದು ಚಿಮುಟ ದೈತ್ಯಗಾತ್ರದ್ದು, ಅದನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ, ಪೀಟಿಲು ಬಾರಿಸಿದಂತೆ. ಪಕ್ಕದಲ್ಲೇ ಕೆಸರುಜಿಗಿತದ ಮೀನು. ನೆತ್ತಿಯ ಮೇಲೆ ಕಪ್ಪೆಯಂಥ ಕಣ್ಣು, ಮುಂದಿನ ಈಜುರೆಕ್ಕೆಗಳೇ ಊರುಗೋಲು. ಕಿವಿರಿನ ಚೀಲದಲ್ಲಿ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದಲೂ ಉಸಿರಾಡುತ್ತ ನೆಲದ ಮೇಲೆ ಓಡಾಡುತ್ತದೆ. ಇದನ್ನು ನೋಡಿದ ನಮ್ಮ ತಂಡದ ಅಜ್ಜಿಯೊಬ್ಬರು, "ಮೀನಾಗಿ ಹುಟ್ಟಿ ನೀರೊಲ್ಲೆ ಅಂತದಲ್ಲೋ ಇದು" ಎಂದರು. ಇನ್ನೂ ಪುಣ್ಯವಿದ್ದರೆ ನೀರುಡ ಕಾಣುತ್ತದೆ. ನಮ್ಮ ಗುಡ್ಡದ ಉಡದ ಅಣ್ಣ, ಎರಡು ಮೀಟರ್ ತನಕ ಬೆಳೆಯುವಂಥದ್ದು, ನಾಲಿಗೆ ಚಾಚಿಕೊಂಡು ಇದೇ ಏಡಿಗಳ ಬೇಟೆಗೆ ಬಂದಿರುತ್ತದೆ.

ಮೇಲೆ ಕೊಂಬೆಗಳಲ್ಲಿ ಮಿಂಚುಳ್ಳಿ. ನಮ್ಮ ಕೆರೆಗಳಲ್ಲಿ ಎರಡು-ಮೂರು ಬಗೆ ನೋಡಿದವರಿಗೆ ಅಲ್ಲಿ ಎಂಟು ಬಗೆ ಇವೆ. ಕಿತ್ತಳೆ ಬಣ್ಣದ ಮೈ, ಕಂದು ರೆಕ್ಕೆಯ ಒಂದು ಬಗೆಯಂತೂ ಇಂಥ ಕಡಲಂಚಿನ ಕಾಡು ಬಿಟ್ಟು ಒಳನಾಡಿಗೆ ಬರುವುದೇ ಇಲ್ಲ. ಜಿಂಕೆಗಳಿಗೆ ಡಾಂಗಮಾಳ್ ಅಂಗಳವೇ ಸಾಕು. ಮೀನುಗಾರ ಬೆಕ್ಕು ಕಂಡವರು ಬಂದು ನನಗೆ ಹೇಳಿ, ನನಗೆ ಇವತ್ತಿನ ತನಕ ಹೆಜ್ಜೆಗುರುತಷ್ಟೇ ಸಿಕ್ಕಿದೆ.

"ಟಿವ್ಯಾಗ ತೋರಿಸ್ತಾರಲ್ರಿ, ಲಕ್ಷಗಟ್ಟಲೆ ಆಮಿ ಬರದು, ಅದು ಅಲ್ಲೇ ಏನು?"

ಅಲ್ಲೇ ಪಕ್ಕದಲ್ಲಿ, ಗಹಿರಮಥಾ ದಂಡೆಯಲ್ಲಿ. ಆಲಿವ್ ರಿಡ್ಲೆ ಕಡಲಾಮೆಗಳು ಕೆಲವೇ ರಾತ್ರಿಗಳೊಳಗೆ ಲಕ್ಷಗಟ್ಟಲೆ ಮೇಲೆ ಬಂದು, ಒಂದೊಂದೂ ನೂರರ ಮೇಲೆ ಮೊಟ್ಟೆಯಿಟ್ಟು ಹೊರಟುಬಿಡುತ್ತವೆ. ಆದರೆ ಆ ದಂಡೆಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಹತ್ತಿರದ ಅಬ್ದುಲ್ ಕಲಾಂ ದ್ವೀಪ ಕ್ಷಿಪಣಿ ಪರೀಕ್ಷೆಯ ಜಾಗ. ನೋಡಲೇಬೇಕೆಂದರೆ ಗಂಜಾಂ ಜಿಲ್ಲೆಯ ಋಷಿಕುಲ್ಯಾ ನದೀಮುಖಕ್ಕೆ ಹೋಗಬೇಕು, ಕೋಣಾರ್ಕ್ ಗಾಡಿಯಲ್ಲೇ ಬ್ರಹ್ಮಪುರಕ್ಕೆ ಇಳಿದರೆ ಹತ್ತಿರ. ದಿನಾಂಕ ಕೇಳಬೇಡಿ. ಫೆಬ್ರವರಿ-ಮಾರ್ಚ್ ಎಂದಷ್ಟೇ ಹೇಳಬಹುದು, ಕೆಲವು ವರ್ಷ ಗುಂಪಾಗಿ ಬರುವುದೇ ಇಲ್ಲ. ಟಾರ್ಚ್ ಹಚ್ಚುವವರನ್ನು ನಾನಂತೂ ಜೊತೆಗೆ ಕರೆದೊಯ್ಯುವುದಿಲ್ಲ.

## ಎರಡನೇ ಸಲ ಹೋಗುವವರಿಗೆ

"ಉಬ್ಬರ-ಇಳಿತ ಲೆಕ್ಕಾ ಹ್ಯಾಂಗ ಹಾಕಬೇಕು?"

ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗದ ಕ್ಯಾಲೆಂಡರೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಕೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಮಂದ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಇವತ್ತು ಬೆಳಗ್ಗೆ 8ಕ್ಕೆ ಇಳಿತವಿದ್ದರೆ ನಾಳೆ 9ಕ್ಕೆ ಹತ್ತು ನಿಮಿಷ ಇರುವಾಗ. ಕವಲಿನ ಒಳಗೆ ಹೋದಷ್ಟೂ ನದೀಮುಖಕ್ಕಿಂತ ತಡವಾಗಿ ಬರುತ್ತದೆ, ಇದನ್ನು ಮಾತ್ರ ನಾವಿಕನನ್ನೇ ಕೇಳಬೇಕು.

ನಿಮಗೆ ಬೇಕಾದದ್ದು ಚಳಿಗಾಲದ ಬೆಳಗಿನ ಇಳಿತ: ಕೆಸರು ತೆರೆದಿರುತ್ತದೆ, ಬಿಸಿಲು ಎಳೆಯದಾಗಿರುತ್ತದೆ, ಮೊಸಳೆಗೂ ಮೇಲೆ ಬರಲು ಕಾರಣವಿರುತ್ತದೆ. ತುಂಬು ಉಬ್ಬರದಲ್ಲಿ ಹೋದರೆ ನೀರು ಗಿಡದ ಎಲೆ ಮುಟ್ಟಿರುತ್ತದೆ, ದಂಡೆಯೇ ಇರುವುದಿಲ್ಲ. ನಿರಾಸೆಯಿಂದ ಬಂದವರಲ್ಲಿ ಅರ್ಧ ಜನ ಹೀಗೆ ಹೋದವರು.

ಈ ಲೆಕ್ಕ ನಾನು ಕಲಿತದ್ದು ಪೆಟ್ಟು ತಿಂದು. ಒಂದು ವರ್ಷ ಅಮಾವಾಸ್ಯೆ ಮರುದಿನ, ಏಳಕ್ಕೆ ಹೊರಡಿ ಎಂದು ನಾವಿಕ ಹೇಳಿದ್ದ. ನಮ್ಮವರಿಗೆ ಎರಡನೇ ಚಹಾ ಆಗಬೇಕಿತ್ತು. ಎಂಟೂವರೆಗೆ ಕಿರುಗಾಲುವೆಯೊಂದರ ನಡುವೆ ದೋಣಿಯ ತಳ ಕೆಸರಿಗೆ ಕೂತಿತು. ನೀರು ಮರಳುವ ತನಕ ಮೂರು ತಾಸು, ಹನ್ನೊಂದು ಜನ, ಒಂದು ಪೊಟ್ಟಣ ಚುರುಮುರಿ. ತಪ್ಪು ಪೂರ್ತಿ ನಮ್ಮದೇ, ನಾವಿಕ ಒಂದು ಮಾತೂ ಅನ್ನದೆ ಮಲಗಿಬಿಟ್ಟ.

"ಉಪ್ಪು ನೀರಾಗ ಗಿಡ ಬದುಕದು ಹ್ಯಾಂಗ? ನಮ್ಮ ಹೊಲದಾಗ ಸೌಳು ಬಂದ್ರ ಹುಲ್ಲೂ ಹುಟ್ಟಲ್ಲ."

ರೈತರೊಬ್ಬರ ಪ್ರಶ್ನೆ ಇದು, ನನಗೆ ಬಲು ಇಷ್ಟದ್ದು. ಒಂದೊಂದು ಗಿಡಕ್ಕೆ ಒಂದೊಂದು ಉಪಾಯ. ಕೆಲವು ಬೇರಿನಲ್ಲೇ ಉಪ್ಪನ್ನು ಸೋಸಿಬಿಡುತ್ತವೆ. ಬಾನಿ ಎಂಬ ಗಿಡ ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಬಿಸಿಲೇರಿದ ಮೇಲೆ ಎಲೆಗೆ ನಾಲಿಗೆ ತಾಗಿಸಿದರೆ ಉಪ್ಪು. ಕೆಸರಿನೊಳಗೆ ಗಾಳಿಯಿಲ್ಲ, ಅದಕ್ಕೆ ಬಾನಿಯ ಬೇರುಗಳು ಪೆನ್ಸಿಲ್ ನೆಟ್ಟಂತೆ ಮೇಲೆದ್ದು ಉಸಿರಾಡುತ್ತವೆ. ಇನ್ನು ಕೆಲವದರ ಬೀಜ ತಾಯಿಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡಿ, ತಯಾರಾದ ಸಸಿಯಾಗಿಯೇ ಕೆಳಗೆ ಬೀಳುತ್ತದೆ.

ಎಲೆ ನೆಕ್ಕುವ ಮೊದಲು ಗಿಡ ಯಾವುದೆಂದು ಕೇಳಿಕೊಳ್ಳಿ. ಗುವಾಂ ಎಂಬುದು ನಮ್ಮ ಬದುವಿನ ಕಳ್ಳಿಯ ಕುಲದ್ದೇ, ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು.

"ಚಂಡಮಾರುತದ ಭಯ ಇಲ್ಲೇನ್ರಿ?"

ಇದೆ. ಅಕ್ಟೋಬರ್-ನವೆಂಬರ್‌ನಲ್ಲಿ ಹೋಗುವವರು ಹವಾಮಾನ ಇಲಾಖೆಯ ಮುನ್ಸೂಚನೆ ನೋಡದೆ ಹೊರಡಬಾರದು. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತ ಒಡಿಶಾದಲ್ಲಿ ಸಾವಿರಾರು ಜೀವ ತೆಗೆಯಿತು. ಆಗ ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ಕಾಡಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತೆಂದು ಆಮೇಲಿನ ಅಧ್ಯಯನ ತೋರಿಸಿತು. 2024ರ ಅಕ್ಟೋಬರ್ 24ರ ರಾತ್ರಿ ದಾನಾ ಚಂಡಮಾರುತ ದಡ ಮುಟ್ಟಿದ್ದು ನೇರ ಭಿತರಕನಿಕಾ-ಧಾಮ್ರಾ ನಡುವೆಯೇ.

ಗಾಳಿಗಿಂತ ನಿಧಾನವಾಗಿ ಬರುವ ಕೇಡು ಇನ್ನೊಂದಿದೆ. ಸಾತಭಾಯಾ ಎಂದು ಏಳು ಹಳ್ಳಿಗಳ ಗುಂಪಿತ್ತು. ಸಮುದ್ರ ಒಂದೊಂದನ್ನೇ ತಿಂದಿತು. ಉಳಿದವರನ್ನು ಬಾಗಪಾಟಿಯಾ ಎಂಬಲ್ಲಿಗೆ ಸಾಗಿಸಿದರು, 2018ರಲ್ಲಿ ಅವರ ಪಂಚುಬರಾಹಿ ದೇವಿಯರೂ ಹೋದರು. ಆ ಗುಡಿಯಲ್ಲಿ ಪೂಜೆ ಮಾಡುವವರು ಮೀನುಗಾರ ಕುಲದ ಮದುವೆಯಾದ ಹೆಣ್ಣುಮಕ್ಕಳು. ಅಣೆಕಟ್ಟು ಕಟ್ಟಿದಾಗ ಊರು ಮುಳುಗಿ ದೇವರನ್ನು ಹೊತ್ತು ನಡೆದವರು ನಮ್ಮ ಕೃಷ್ಣಾ ತೀರದಲ್ಲೂ ಇದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ರಾಮ್ಸಾರ್, ಇವೆಲ್ಲಾ ಒಂದೇ ಏನು?"

ಒಂದರೊಳಗೊಂದು. 1975ರಲ್ಲಿ 672 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಅದರ ನಡುವಿನ 145 ಚದರ ಕಿಲೋಮೀಟರ್ 1998ರಲ್ಲಿ ರಾಷ್ಟ್ರೀಯ ಉದ್ಯಾನ. ಕಡಲ ಕಡೆಗೆ ಗಹಿರಮಥಾ ಸಾಗರ ಅಭಯಾರಣ್ಯ, 1997ರಲ್ಲಿ, 1,435 ಚದರ ಕಿಲೋಮೀಟರ್. 2002ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು. ಅದಕ್ಕೂ ಮೊದಲು ಇದು ಕನಿಕಾ ರಾಜರ ಜಮೀನ್ದಾರಿಯ ಕಾಡು, ಅವರ ಬೇಟೆ ಗೋಪುರ ಇಂದಿಗೂ ನಿಂತಿದೆ.

"ನಮ್ಮ ಭೀಮಾ, ಮಾಂಜ್ರಾ ನೀರೂ ಅಲ್ಲಿಗೇ ಹೋಗ್ತದೇನ್ರಿ?"

ಅಲ್ಲಿಗಲ್ಲ, ಆದರೆ ಅದೇ ಕೊಲ್ಲಿಗೆ. ಭೀಮೆ ರಾಯಚೂರಿನ ಕಾಡ್ಲೂರು ಬಳಿ ಕೃಷ್ಣೆ ಸೇರಿ, ಆಂಧ್ರದ ಹಂಸಲದೀವಿಯಲ್ಲಿ ಕಡಲು ಮುಟ್ಟುತ್ತಾಳೆ, ಅಲ್ಲೂ ಕಾಂಡ್ಲಾ ಕಾಡಿದೆ. ಬೀದರಿನ ಮಾಂಜ್ರಾ ಗೋದಾವರಿ ಸೇರುತ್ತದೆ. ಗೋದಾವರಿಯ ಬಾಯಲ್ಲಿ, ಕಾಕಿನಾಡದ ಪಕ್ಕ, ಕೋರಿಂಗ ಅಭಯಾರಣ್ಯವಿದೆ. ರಾಷ್ಟ್ರೀಯ ಉದ್ಯಾನವಲ್ಲ, ಬೌಲಾಗಳ ಹಿಂಡೂ ಇಲ್ಲ, ಆದರೆ ಕಾಡಿನೊಳಗೆ ಮರದ ಹಾದಿಯಿದೆ, ಮೀನುಗಾರ ಬೆಕ್ಕುಗಳಿವೆ. ಇಂಥ ಕಾಡಿಗೆ ಉಪ್ಪು ಎಷ್ಟು ಬೇಕೋ ಮೇಲಿಂದ ಇಳಿಯುವ ಸಿಹಿನೀರೂ ಅಷ್ಟೇ ಬೇಕು. ಬ್ರಾಹ್ಮಣಿಯ ನೀರು ಮೇಲೇ ಬಳಕೆಯಾಗಿ ತಗ್ಗಿದರೆ ಕಾಡಿನ ಗತಿಯೇನೆಂದು ಭಿತರಕನಿಕಾದವರು ತಕರಾರು ಎತ್ತುತ್ತಲೇ ಇದ್ದಾರೆ. ನಮ್ಮ ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನ ಗೇಟು ನೋಡುತ್ತ ನಿಂತಾಗ ನನಗೆ ಆ ತಕರಾರು ನೆನಪಾಗುತ್ತದೆ.

ಕೋಣಾರ್ಕ್ ಗಾಡಿ ಸಾಮರ್ಲಕೋಟದಲ್ಲಿ ನಿಲ್ಲುತ್ತದೆ, ಅಲ್ಲಿಂದ ಕಾಕಿನಾಡ ಹತ್ತಿರ. ಮುಂದಿನ ಚಳಿಗಾಲ ಅಲ್ಲೇ ಇಳಿದು ನಮ್ಮ ಮಾಂಜ್ರಾದ ರಾಡಿ ನೋಡಿಕೊಂಡು ಮುಂದೆ ಹೋಗೋಣ ಎಂದು ಬೀದರಿನ ಗೆಳೆಯರು ಗಂಟುಬಿದ್ದಿದ್ದಾರೆ. ಆಗಲಿ ಎಂದಿದ್ದೇನೆ. ಟಿಕೆಟ್ ಮಾತ್ರ ಯಾರೂ ಇನ್ನೂ ತೆಗೆಸಿಲ್ಲ.